ಹೀಲಿಯಮ್ಮಿಗೆ ನಾನು ಹೊಂದಿಸಿದ ಕನ್ನಡ

ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವ ಜನ ಲೋಕದಲ್ಲಿ ಇದ್ದಾರೆಂದು ಕೇಳಿದ್ದೇನೆ. ನಾನು ಆ ಪೈಕಿಯವನಲ್ಲ. ತಿಳಿಯದ ವಿಷಯ ಯಾವುದು ಎದುರಿಗೆ ಬಂದರೂ ನನ್ನ ತುಟಿ ತಾನಾಗಿ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತದೆ, "ಇದರಲ್ಲೇನಿದೆ ಮಹಾ" ಎಂಬ ಮಾತು ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ತಾತ್ಸಾರವೆಂಬುದು ಬಹಳ ಅನುಕೂಲದ ವಸ್ತು. ಅದಕ್ಕೆ ಓದು ಬೇಡ, ತಯಾರಿ ಬೇಡ. ಸಂಗೀತ ಕಛೇರಿಯಲ್ಲಿ ತಾಳ ಎಲ್ಲಿ ಬಿತ್ತೆಂದು ಗೊತ್ತಾಗದಿದ್ದರೆ ಹಾಡುವವರ ಶಾಲಿನ ಬಣ್ಣದ ಬಗ್ಗೆ ಟೀಕೆ ಮಾಡಿದರಾಯಿತು. ಪಕ್ಕದವನು ನಮ್ಮನ್ನು ಸಂಗೀತ ಬಲ್ಲವರೆಂದೇ ತಿಳಿಯುತ್ತಾನೆ. ಹೊಸನಗರದ ಹೈಸ್ಕೂಲಿನಲ್ಲಿ ಏಳು ವರ್ಷ ವಿಜ್ಞಾನದ ಮೇಷ್ಟ್ರಾಗಿ ನಾನು ಬಾಳಿದ್ದು ಮುಖ್ಯವಾಗಿ ಈ ವಿದ್ಯೆಯ ಬಲದಿಂದ. ನಾನು ಓದಿದ್ದು ಸಸ್ಯಶಾಸ್ತ್ರ. ಭೌತಶಾಸ್ತ್ರವನ್ನು ಬಿ.ಎಸ್ಸಿ.ಯಲ್ಲಿ ಪಕ್ಕದ ವಿಷಯವಾಗಿ, ಪಕ್ಕದಲ್ಲಿ ಕೂತವನ ಸಹಾಯದಿಂದ ಪಾಸು ಮಾಡಿಕೊಂಡಿದ್ದೆ.

ಆದರೆ ಊರಿನವರಿಗೆ ಸಸ್ಯವೂ ಒಂದೇ, ಸ್ಪುಟ್ನಿಕ್ಕೂ ಒಂದೇ. ಟಾರ್ಚು ಹತ್ತದಿದ್ದರೆ, ಗಡಿಯಾರ ನಿಂತರೆ, ಹಸು ಮೇವು ಬಿಟ್ಟರೆ ನನ್ನ ಬಳಿಗೇ ಬರುತ್ತಿದ್ದರು. ಅಕ್ಕಿ ಗಿರಣಿಯ ಸಾಹುಕಾರರು ಊರಿಗೇ ಮೊದಲನೆಯದಾಗಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ತಂದಾಗ, "ಇದರಲ್ಲಿ ವಾಲ್ವೇ ಇಲ್ಲವಂತಲ್ಲ ಮೇಷ್ಟ್ರೇ, ಮತ್ತೆ ಹೇಗೆ ಹಾಡುತ್ತೆ?" ಎಂದು ಕೇಳಿದ್ದರು. ಚೂರು ಕಲ್ಲಿನಂಥ ಪದಾರ್ಥವೊಂದು ವಾಲ್ವಿನ ಕೆಲಸವನ್ನೆಲ್ಲ ಮಾಡುತ್ತದೆಂದು ಎಲ್ಲೋ ಓದಿದ್ದೆ, ಹೇಗೆಂದು ತಿಳಿದಿರಲಿಲ್ಲ. ಪೆಟ್ಟಿಗೆಯನ್ನು ಅತ್ತಿತ್ತ ತಿರುಗಿಸಿ, "ಅಗ್ಗದ ಮಾಲು, ಹೆಚ್ಚು ದಿನ ಬಾಳುವುದಿಲ್ಲ" ಎಂದು ತೀರ್ಪು ಕೊಟ್ಟೆ. ಅದು ಇವತ್ತಿಗೂ ಹಾಡುತ್ತಿದೆ. ಗಿರಣಿಯ ಮುಂದೆ ಹೋಗುವಾಗ ನಾನು ಸ್ವಲ್ಪ ಬೇಗ ಹೆಜ್ಜೆ ಹಾಕುತ್ತೇನೆ, ಅಷ್ಟೆ.

ನಮ್ಮ ಹೆಡ್‌ಮಾಸ್ಟರು ನರಸಿಂಹಮೂರ್ತಿಗಳು ಮೈಸೂರು ಕಡೆಯವರು. ಪಾಠ ಮಾಡುತ್ತಿದ್ದದ್ದು ಚರಿತ್ರೆ. ಹುಚ್ಚು ಇದ್ದದ್ದು ಸಭೆಗಳದ್ದು. ಒಮ್ಮೆ ಶಾಲೆಯ ಮುಂದೆ ಜೀಪು ಪಂಕ್ಚರಾಗಿ ನಿಂತಿದ್ದ ಕೃಷಿ ಅಧಿಕಾರಿಯೊಬ್ಬರನ್ನು ಕೈಹಿಡಿದು ಒಳಗೆ ಕರೆತಂದು, ಹಾರ ಹಾಕಿ, ರಾಷ್ಟ್ರ ನಿರ್ಮಾಣದಲ್ಲಿ ಗೊಬ್ಬರದ ಪಾತ್ರದ ಬಗ್ಗೆ ಮಾತಾಡಿಸಿದ್ದರು. ಚಕ್ರ ಸರಿಮಾಡಿ ಡ್ರೈವರು ಅರ್ಧ ಗಂಟೆ ಹಾರನ್ ಹೊಡೆದರೂ ವಂದನಾರ್ಪಣೆ ಮುಗಿಯದೆ ಆ ಪುಣ್ಯಾತ್ಮರನ್ನು ಬಿಡಲಿಲ್ಲ. ಇಂಥವರ ಕಿವಿಗೆ ಜನವರಿಯ ಒಂದು ದಿನ ಒಂದು ಸುದ್ದಿ ಬಿತ್ತು. ಡಾಕ್ಟರ್ ಸಿದ್ದಪ್ಪಗೌಡರು ಊರಿನ ಹೊರಗಿರುವ ತಂಗಿಯ ಮನೆಗೆ ಬಂದು ವಾರವಿರುತ್ತಾರೆ ಎಂಬುದು ಆ ಸುದ್ದಿ. ಗೌಡರು ತೀರ್ಥಹಳ್ಳಿ ಕಡೆಯ ಅರಳಸುರಳಿಯವರು. ವಿಲಾಯಿತಿಯಲ್ಲಿ ಓದಿ ಬಂದು ಬೆಂಗಳೂರಿನ ಒಂದು ದೊಡ್ಡ ಪ್ರಯೋಗಶಾಲೆಯಲ್ಲಿ ಪರಮಾಣು, ಲೋಹ, ಚಳಿ ಇವುಗಳ ಮೇಲೆ ಸಂಶೋಧನೆ ಮಾಡುತ್ತಿದ್ದವರು. ಹೆಡ್‌ಮಾಸ್ಟರು ಅಂದೇ ಹೋಗಿ ಅವರನ್ನು ಒಪ್ಪಿಸಿಕೊಂಡು ಬಂದರು. ಗೌಡರದು ಒಂದೇ ಷರತ್ತು: ಈ ಹೊಸ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಿಕ್ಕೆ ಆಗುವುದಿಲ್ಲ, ಇಂಗ್ಲಿಷಿನಲ್ಲಿ ಮಾತಾಡುತ್ತೇನೆ, ಯಾರಾದರೂ ಕನ್ನಡಿಸಬೇಕು.

"ನೀವೇ ಮಾಡಬೇಕ್ರೀ" ಎಂದರು ಹೆಡ್‌ಮಾಸ್ಟರು ನನಗೆ. "ಇಂಗ್ಲಿಷ್ ಮೇಷ್ಟ್ರಿಗೆ ಸೈನ್ಸ್ ಬರಲ್ಲ."

"ನಂದು ಬಾಟನಿ ಸಾರ್."

"ಬಾಟನೀನೂ ಸೈನ್ಸೇ ಅಲ್ವೇನ್ರೀ. ಗಿಡದಲ್ಲಿ ಪರಮಾಣು ಇಲ್ವಾ?"

ನಿಜ ಹೇಳಬೇಕೆಂದರೆ ಈ ವಾದವನ್ನು ಮುರಿಯುವ ಮನಸ್ಸು ನನಗಿರಲಿಲ್ಲ. ಸಾಗರದಲ್ಲಿ ಹೊಸದಾಗಿ ಬಂದಿದ್ದ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಕೆಲಸವೊಂದು ಖಾಲಿ ಇದೆಯೆಂದು ತಿಳಿದು ನಾನು ಅರ್ಜಿ ಬರೆದಿಟ್ಟುಕೊಂಡಿದ್ದೆ. ಸಿದ್ದಪ್ಪಗೌಡರಂಥವರು ಅದರ ಅಂಚಿನಲ್ಲಿ ಒಂದು ಸಾಲು ಗೀಚಿದರೆ ಕೆಲಸ ನನ್ನದೇ ಎಂಬ ಭರವಸೆಯಿತ್ತು. ಶಾಲೆಯ ದೊಡ್ಡ ನಿಘಂಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

ನನ್ನ ಹೆಂಡತಿ ಸಾವಿತ್ರಿ ನಿಟ್ಟೂರಿನ ತೋಟದವರ ಮನೆಯ ಹುಡುಗಿ. ಓದಿದ್ದು ಏಳನೆಯ ಕ್ಲಾಸಿನವರೆಗೆ. ಭಾಷಣದಲ್ಲಿ ಬರಬಹುದೆಂದು ನಿಘಂಟಿನಲ್ಲಿ 'ವಿಸ್ಕಾಸಿಟಿ'ಗೆ 'ಸ್ನಿಗ್ಧತೆ' ಎಂಬ ಪದ ಹುಡುಕಿಕೊಂಡು ನಾನು ಎರಡು ಮೂರು ಸಲ ಬಾಯಿಪಾಠ ಮಾಡುತ್ತಿರುವಾಗ ಅವಳು ಏನಿದೆಂದು ವಿಚಾರಿಸಿದಳು. ಈ ಗೌಡನ ಇಡೀ ಜೀವಮಾನದ ಸಾಧನೆ ಒಂದು ಅನಿಲವನ್ನು ತಣ್ಣಗೆ ಮಾಡುವುದು, ಅದಕ್ಕೊಂದು ಕಟ್ಟಡ, ಅದಕ್ಕೊಂದು ಡಾಕ್ಟರ್ ಪದವಿ, ತಣ್ಣಗೆ ಮಾಡುವುದು ಹೂಜಿಗೂ ಬರುತ್ತದೆ ಎಂದು ನಾನು ವಿವರಿಸಿದೆ. ಅವಳು "ಗೊತ್ತಿಲ್ಲೆ ಹೇಳಿ ಹೇಳಿದ್ರೆ ಎಂತ ಆಗ್ತು?" ಎಂದಳು. ಗೊತ್ತಿಲ್ಲ ಎಂದುಬಿಟ್ಟರೆ ಏನು ಮುಳುಗಿಹೋಗುತ್ತದೆ ಎಂಬುದು ಅವಳ ಪ್ರಶ್ನೆ. ಇಂಥ ಪ್ರಶ್ನೆ ಕೇಳುವವರಿಗೆ ಸರ್ಕಾರಿ ನೌಕರಿಯ ಅನುಭವ ಇರುವುದಿಲ್ಲ.

ಶನಿವಾರ ಮಧ್ಯಾಹ್ನ ಶಾಲೆಯ ಸಭಾಂಗಣ ತುಂಬಿತು. ತಾಲ್ಲೂಕು ಕಚೇರಿಯ ಗುಮಾಸ್ತರು, ಮೇಷ್ಟ್ರುಗಳು, ಮಕ್ಕಳು, ಬೇರೆ ಕೆಲಸವಿಲ್ಲದವರು. ಅಧ್ಯಕ್ಷತೆ ಗಿರಣಿ ಸಾಹುಕಾರರದು. ನಮ್ಮ ಊರಿನಲ್ಲಿ ಆರೋಗ್ಯ, ಸಾಹಿತ್ಯ, ಅಧ್ಯಾತ್ಮ ಯಾವುದರ ಸಭೆಯಾದರೂ ಕುರ್ಚಿ ಅವರದ್ದೇ. ಮೈಕಿನ ಪಕ್ಕದಲ್ಲಿ ನೆಲದ ಮೇಲೆ ಲೋಕಪ್ಪ ಕುಳಿತಿದ್ದ. ಅವನು ಕರೆಂಟ್ ಆಫೀಸಿನ ವೈರ್‌ಮನ್. ಮೈಕು ಜೋಡಿಸಿಕೊಡಲು ಬಂದವನು ಎದ್ದು ಹೋಗದೆ ಅಲ್ಲೇ ಉಳಿದಿದ್ದ. ಸಿದ್ದಪ್ಪಗೌಡರು ಕೋಟು, ಟೈ ಎಲ್ಲ ಹಾಕಿಕೊಂಡು ಬಂದರು. ನಮ್ಮ ಊರಿನಲ್ಲಿ ಟೈ ಕಂಡದ್ದು ಅದಕ್ಕೆ ಮೊದಲು ಒಂದು ಫೋಟೋದಲ್ಲಿ. ಅವರು ಐದು ನಿಮಿಷ ಉಸಿರು ಬಿಡದೆ ಇಂಗ್ಲಿಷ್ ಮಾತಾಡಿ, ನಿಲ್ಲಿಸಿ, ನಲ್ಲಿ ತಿರುಗಿಸಿದವರು ನೀರಿಗೆ ಕಾಯುವ ಹಾಗೆ ನನ್ನ ಕಡೆ ನೋಡುತ್ತಿದ್ದರು. ನಾನು ಹರಿಯಬೇಕಿತ್ತು.

ಹೀಲಿಯಂ ಎಂಬ ಅನಿಲ ದ್ರವವಾಗಬೇಕಾದರೆ 'ಫೋರ್ ಡಿಗ್ರೀಸ್ ಆಬ್ಸಲ್ಯೂಟ್' ಚಳಿ ಬೇಕು ಎಂದರು. ಆಬ್ಸಲ್ಯೂಟ್ ಎಂದರೆ ಲೆಕ್ಕವೇ ಬೇರೆ, ಅಲ್ಲಿ ಸೊನ್ನೆಯೆಂದರೆ ಅದಕ್ಕಿಂತ ಕೆಳಗೆ ಚಳಿಯೇ ಇಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಆಗ ನಿಘಂಟಿನ ಕೃಪೆಯಿಂದ "ನಾಲ್ಕು ಪರಿಪೂರ್ಣ ಡಿಗ್ರಿ" ಎಂದೆ. ಸಾಹುಕಾರರು ಹೆಡ್‌ಮಾಸ್ಟರ ಕಡೆ ಬಾಗಿ, "ಆಗುಂಬೇಲಿ ಪುಷ್ಯದಲ್ಲಿ ಇದಕ್ಕೇನು ಕಮ್ಮಿ ಇರಲ್ಲ" ಎಂದದ್ದು ಮೈಕಿನಲ್ಲಿ ಕೇಳಿಸಿತು. ಆಮೇಲೆ ಕ್ವಾಂಟಂ ಮೆಕ್ಯಾನಿಕ್ಸ್ ಬಂತು. ಅಣುಗಳ ಲೋಕದ ಕಾನೂನು ಅದು, ನಾವು ಕಣ್ಣಿಂದ ಕಾಣಲಾರೆವು, ಆದರೆ ಹೀಲಿಯಂ ದ್ರವದಲ್ಲಿ ಅದನ್ನು ಕಣ್ಣಾರೆ ನೋಡಬಹುದು ಎಂದರು. ನಾನು "ಕ್ವಾಂಟಂ ಯಂತ್ರಶಾಸ್ತ್ರ" ಎಂದು ಹೊಂದಿಸಿದೆ. ಯಂತ್ರವೆಂಬ ಮಾತು ಕೇಳಿದ್ದೇ ಸಾಹುಕಾರರು ನೆಟ್ಟಗೆ ಕುಳಿತು, "ಎಷ್ಟು ಹಾರ್ಸ್‌ಪವರು ಅಂತ ಕೇಳಿ" ಎಂದು ನನಗೆ ಸನ್ನೆ ಮಾಡಿದರು. ನಾನು ಕೇಳಲಿಲ್ಲ. ಯಾರದೋ ಅಜ್ಞಾನ ಕಂಡಾಗ ನನಗಾಗುವ ಸುಖ ಆಗ ಹಿತವಾಗಿ ಆಗುತ್ತಿತ್ತು.

ಮುಂದೆ ಗೌಡರು ಹೇಳಿದ ಮಾತಿಗೆ ನನ್ನ ತುಟಿ ಸಭೆಯ ಮುಂದೆಯೇ ಸೊಟ್ಟಗಾಯಿತು. ಇನ್ನೂ ತಣ್ಣಗಾದ ಹೀಲಿಯಮ್ಮನ್ನು ಗಾಜಿನ ಲೋಟದಲ್ಲಿಟ್ಟು ತೂಗುಬಿಟ್ಟರೆ, ಅದು ತಾನಾಗಿ ಒಳಗೋಡೆ ಹತ್ತಿ, ಅಂಚು ದಾಟಿ, ಹೊರಗೋಡೆ ಇಳಿದು, ತಳದಿಂದ ತೊಟ್ಟು ತೊಟ್ಟಾಗಿ ಬಿದ್ದು ಲೋಟ ಖಾಲಿಯಾಗುತ್ತದಂತೆ. ಈ ದೊಡ್ಡ ಮನುಷ್ಯರ ಲೋಟ ಬಿರುಕು ಬಿಟ್ಟಿದೆ, ಅದನ್ನು ಯಾರೂ ನೋಡಿಲ್ಲ, ಇದರ ಮೇಲೆ ಇವರು ವಿಲಾಯಿತಿಯ ಪತ್ರಿಕೆಗಳಲ್ಲಿ ಲೇಖನ ಬರೆಯುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ನಮ್ಮ ಸೀಮೆಯ ಒಬ್ಬ ವಿದ್ವಾಂಸರು ಸಭೆಯಲ್ಲಿ ನಗೆಪಾಟಲಾಗಬಾರದೆಂಬ ಉದಾರ ಬುದ್ಧಿಯಿಂದ, "ಆ ದ್ರವವನ್ನು ಇಟ್ಟಿದ್ದ ಪಾತ್ರೆ ಸೋರುತ್ತಿತ್ತು. ಇದರಿಂದ ಸಂಶೋಧನೆಗೆ ಬಹಳ ತೊಂದರೆಯಾಯಿತು" ಎಂದು ಕನ್ನಡಿಸಿದೆ. ಸಭೆ ಅಯ್ಯೋ ಪಾಪ ಎಂದಿತು. "ಬೆಸುಗೆ ಹಾಕಿಸ್ಬೇಕಿತ್ತು" ಎಂದರು ಸಾಹುಕಾರರು. ಗೌಡರು ನನ್ನತ್ತ ತಿರುಗಿ ಮುಗುಳ್ನಕ್ಕರು. ಭಾಷಾಂತರವನ್ನು ಮೆಚ್ಚಿಕೊಂಡರೆಂದು ನಾನೂ ತಲೆಬಾಗಿ ನಕ್ಕೆ.

ಕೊನೆಗೆ ತಂತಿಯ ವಿಷಯ. ಕೆಲವು ಲೋಹಗಳನ್ನು ಅಷ್ಟೇ ತಣ್ಣಗೆ ಮಾಡಿದರೆ ಅವುಗಳ ರೆಸಿಸ್ಟೆನ್ಸ್ ಜೀರೋ ಆಗುತ್ತದೆ, ಸಣ್ಣದಲ್ಲ, ಜೀರೋ, ಬಳೆಯಂಥ ತಂತಿಯಲ್ಲಿ ಒಮ್ಮೆ ಕರೆಂಟು ಬಿಟ್ಟರೆ ಬ್ಯಾಟರಿ ಇಲ್ಲದೆ ವರ್ಷಗಟ್ಟಲೆ ಸುತ್ತುತ್ತಿರುತ್ತದೆ ಎಂದರು. ತಾನಾಗಿ ಸದಾ ತಿರುಗುವ ಯಂತ್ರ ಸಾಧ್ಯವೇ ಇಲ್ಲವೆಂದು ನಾನು ಏಳು ವರ್ಷದಿಂದ ಬೋರ್ಡಿನ ಮೇಲೆ ಬರೆಸುತ್ತಿದ್ದವನು. ಆದ್ದರಿಂದ "ಇಂಥ ತಂತಿಗಳಲ್ಲಿ ವಿದ್ಯುತ್ತಿಗೆ ಅಡ್ಡಿ ಬಹಳ ಕಡಿಮೆ. ಹೀಗೆ ಉಳಿತಾಯವಾಗುತ್ತದೆ. ನಾವೂ ಬೇಡವಾದಾಗ ದೀಪ ಆರಿಸಬೇಕು" ಎಂದು ಮುಗಿಸಿದೆ. ಹೆಡ್‌ಮಾಸ್ಟರು ಮೊದಲು ಚಪ್ಪಾಳೆ ತಟ್ಟಿದರು, ಉಳಿದವರು ಹಿಂಬಾಲಿಸಿದರು.

ಚಪ್ಪಾಳೆ ನಿಂತ ಮೇಲೆ ಲೋಕಪ್ಪ ಎದ್ದು ನಿಂತ.

"ಸಾರ್, ಒಂದು ಮಾತು. ಅವ್ರು ರೆಸಿಸ್ಟೆನ್ಸು ಜೀರೋ ಅಂದ್ರು. ಎರಡು ಸಲ ಅಂದ್ರು. ನೀವು ಕಮ್ಮಿ ಅಂದ್ರಿ."

"ಎರಡೂ ಒಂದೇ ಲೋಕಪ್ಪ, ಕೂತ್ಕೊ" ಎಂದೆ.

"ಒಂದೇ ಹೆಂಗಾಗ್ತದೆ ಸಾರ್? ಕಮ್ಮಿ ಇದ್ರೂ ತಂತಿ ಬಿಸಿ ಆಗ್ತದೆ. ಜೀರೋ ಆದ್ರೆ ಬಿಸೀನೇ ಆಗಲ್ಲ."

ಇಂಗ್ಲಿಷ್ ಬಾರದ ಮನುಷ್ಯ ಅವನು. ಆದರೆ ಆ ಎರಡು ಪದಗಳು ಮಾತ್ರ ಅವನವೇ. ದಿನವೂ ಕೈಯಲ್ಲಿ ಹಿಡಿಯುವ ಇಕ್ಕಳ, ಸ್ಕ್ರೂಡ್ರೈವರುಗಳ ಹಾಗೆ. ಇಡೀ ಭಾಷಣದಲ್ಲಿ ನಾನು ತಪ್ಪು ಹೇಳಬಾರದಿದ್ದದ್ದು ಅವೆರಡನ್ನೇ. ಹೆಡ್‌ಮಾಸ್ಟರು "ನೀನು ಮೈಕ್ ನೋಡ್ಕೊಳಯ್ಯ" ಎಂದು ಗದರಿಸುವಷ್ಟರಲ್ಲಿ ಗೌಡರು ಕೈಯೆತ್ತಿ ತಡೆದು, ಮೈಕು ಬಿಟ್ಟು ವೇದಿಕೆಯ ಅಂಚಿಗೆ ಬಂದರು.

"ಹೆಸರೇನಪ್ಪ?" ಎಂದರು, ಕನ್ನಡದಲ್ಲಿ.

"ಲೋಕಪ್ಪ ಸಾರ್. ಬ್ಯಾಕೋಡು ಕಡೆ."

"ಯಾಕೆ ಕೇಳ್ದೆ ಹೇಳು."

ಲೋಕಪ್ಪ ಒಮ್ಮೆ ನನ್ನನ್ನು ನೋಡಿ, ಆಮೇಲೆ ಅವರನ್ನೇ ನೋಡುತ್ತ ಹೇಳಿದ. "ಹೊಳೆಗೆ ಕಟ್ಟೆ ಕಟ್ಟಿದ್ ಮೇಲೆ ನಮ್ಮ ಗದ್ದೆ ಎಲ್ಲ ನೀರಿಗೆ ಹೋತು ಸಾರ್. ಆ ನೀರಿಂದ ಮಾಡಿದ ಕರೆಂಟು ಆಚೆ ದಡದಿಂದ ದೊಡ್ಡ ದೊಡ್ಡ ಕಂಬದ ಮೇಲೆ ದೂರಕ್ಕೆ ಹೋಗ್ತದೆ. ಈಚೆ ನಮ್ಮೂರಲ್ಲಿ ಇನ್ನೂ ಬುಡ್ಡಿದೀಪ. ಅಷ್ಟು ದೂರಕ್ಕೆ ಸಣ್ಣ ಲೈನ್ ಎಳೆದ್ರೆ ದಾರೀಲೇ ಕರೆಂಟು ಬಿಸಿಯಾಗಿ ಹೋಗ್ತದೆ, ಪ್ರಯೋಜನ ಇಲ್ಲ ಅಂತಾರೆ. ನೀವು ಹೇಳೋ ಜೀರೋ ನಿಜವಾದ್ರೆ ಆ ಮಾತು ಸುಳ್ಳಾಗ್ಬೇಕಲ್ಲ ಸಾರ್?"

ಗೌಡರು ಟೈಯ ಗಂಟನ್ನು ಸಡಿಲಿಸಿ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತೇಬಿಟ್ಟರು. "ನಿಜ ಮಾರಾಯ, ಜೀರೋನೇ. ಆದ್ರೆ ತಂತೀನ ಅಷ್ಟು ತಣ್ಣಗೆ ಇಡಾಕೆ ಖರ್ಚಾಗೋ ಕರೆಂಟಲ್ಲಿ ನಿಮ್ಮೂರಿಗೆಲ್ಲ ದೀಪ ಹಚ್ಚಿ ಮಿಗಿಸ್ಬೋದು. ನಿನ್ನ ದೀಪಕ್ಕೆ ನನ್ನ ವಿಜ್ಞಾನ ಬೇಡ. ಕಂಬ ಬೇಕು, ಕೊಡೋರಿಗೆ ಮನಸ್ಸು ಬೇಕು. ಈ ಜೀರೋ ಸುದ್ದೀನ ನಿಮ್ಮ ಆಫೀಸಲ್ಲಿ ಹೇಳ್ಬೇಡ, ಆ ತಂತಿ ಬರ್ಲಿ ಅಂತ ಅವರಿಗೆ ಇನ್ನೊಂದು ನೆವ ಸಿಗ್ತದೆ."

ಲೋಕಪ್ಪ ನಗಲಿಲ್ಲ. ತಲೆಯಾಡಿಸಿ, "ಆಗ್ಲಿ ಸಾರ್. ದೀಪ ಬಿಡಿ. ಜೀರೋ ಹೆಂಗಾಗ್ತದೆ, ಅದು ಹೇಳಿ" ಎಂದ.

ಆಮೇಲೆ ಒಂದು ಗಂಟೆ ಕಾಲ ಗೌಡರು ಅರಳಸುರಳಿಯ ಕನ್ನಡದಲ್ಲಿ ಮಾತಾಡಿದರು. ಸಂತೆಯಲ್ಲಿ ಒಬ್ಬೊಬ್ಬರೂ ಅವರವರ ಪಾಡಿಗೆ ನಡೆದರೆ ಡಿಕ್ಕಿ ಹೊಡೆಯುತ್ತಾರೆ, ಬೈದುಕೊಳ್ಳುತ್ತಾರೆ, ಬೆವರುತ್ತಾರೆ. ತಂತಿಯೊಳಗಿನ ಕರೆಂಟಿನ ಕಣಗಳದ್ದೂ ಅದೇ ಪಾಡು, ಆ ಬೆವರೇ ತಂತಿಯ ಬಿಸಿ. ಅದೇ ಜನ ಕೋಲಾಟಕ್ಕೆ ನಿಂತು ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ ಯಾರಿಗೂ ಯಾರೂ ತಾಗುವುದಿಲ್ಲ. ಆ ಚಳಿಯಲ್ಲಿ ಕಣಗಳೆಲ್ಲ ಕೋಲಾಟಕ್ಕೆ ನಿಲ್ಲುತ್ತವೆ ಎಂದರು. ಆಮೇಲೆ ನನ್ನ ಕಡೆ ಕಣ್ಣು ತಿರುಗಿಸಿ, "ಮತ್ತೆ, ನಮ್ಮ ಪಾತ್ರೆ ಸೋರ್ತಿರಲಿಲ್ಲ. ಗಟ್ಟಿ ಗಾಜಿಂದು" ಎಂದರು. ಸಭೆ ನಗೆಯಿಂದ ತುಂಬಿತು. ಯಾವ ದ್ರವವಾದರೂ ಗಾಜಿಗೆ ತೆಳ್ಳಗೆ ಪಸೆ ಹತ್ತುತ್ತದೆ. ನೀರಿಗೆ, ಎಣ್ಣೆಗೆ ಅಂಟು ಇರುವುದರಿಂದ ಆ ಪಸೆ ಹರಿಯಲಾರದೆ ಅಲ್ಲೇ ಹಿಡಿದುಕೊಂಡು ನಿಲ್ಲುತ್ತದೆ. ಹೀಲಿಯಮ್ಮಿಗೆ ಅಂಟೇ ಇಲ್ಲ, ಅದಕ್ಕೇ ಗೋಡೆ ಹತ್ತಿ ಇಳಿದು ಹೋಗುತ್ತದೆ. ಅಂಟು. ಎರಡಕ್ಷರ, ಒಂದು ಸೊನ್ನೆ. ಇದಕ್ಕೇ ನಾನು 'ಸ್ನಿಗ್ಧತೆ'ಯನ್ನು ಬಾಯಿಪಾಠ ಮಾಡಿದ್ದೆ. ಅಷ್ಟು ಹೊತ್ತೂ ನಾನು ಮೈಕಿನ ಮುಂದೆ ನಿಂತೇ ಇದ್ದೆ. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ, ನಾನಾಗಿ ಕೂರಲು ಕಾರಣ ಸಿಗಲಿಲ್ಲ.

ಸಭೆ ಮುಗಿದು ಉಪ್ಪಿಟ್ಟು ಕಾಫಿಯ ಹೊತ್ತಿಗೆ ನನ್ನೊಳಗಿನ ತಾತ್ಸಾರ ಮತ್ತೆ ಚೇತರಿಸಿಕೊಂಡಿತ್ತು. ಇಷ್ಟು ಕನ್ನಡ ಬರುವ ಮನುಷ್ಯ ಇಂಗ್ಲಿಷಿನ ಸೋಗು ಹಾಕಿ ನನ್ನನ್ನು ಬಲಿಕೊಟ್ಟನಲ್ಲ ಎಂದು ಕುದಿಯುತ್ತ ಅವರ ಬಳಿ ಹೋಗಿ, ಕನ್ನಡದಲ್ಲಿ ಹೇಳಲು ಆಗುವುದಿಲ್ಲ ಎಂದಿದ್ದಿರಲ್ಲ ಎಂದು ಕೇಳಿದೆ.

ಅವರು ಉಪ್ಪಿಟ್ಟಿನ ಮೆಣಸಿನಕಾಯಿಯನ್ನು ಪಕ್ಕಕ್ಕಿಟ್ಟರು. "ಇಂಗ್ಲಿಷಲ್ಲಿ ಹೇಳಿದ್ರೆ ಯಾರೂ ಪ್ರಶ್ನೆ ಕೇಳಲ್ಲ ಮೇಷ್ಟ್ರೇ. ಅದೊಂದು ಸುಖ. ಇವತ್ತು ತಪ್ಪಿಹೋಯ್ತು." ಆಮೇಲೆ, "ನಿಮ್ಮದು ಬಾಟನಿ ಅಂತೆ?" ಎಂದರು.

"ಹೌದು."

"ಹೊನ್ನೆ ಮರದ ತುದಿಗೆ ನೀರು ಹತ್ತೋದನ್ನ ವರ್ಷಾ ವರ್ಷಾ ಹೇಳ್ಕೊಡ್ತೀರಲ್ಲ. ಅದಕ್ಕೆ ಯಾವತ್ತೂ ಮರ ಸೋರ್ತದೆ ಅಂದಿಲ್ಲ. ನನ್ನ ಹೀಲಿಯಂ ಮೇಲೆ ಯಾಕೆ ಅಷ್ಟು ಸಿಟ್ಟು?"

ಜೇಬಿನಲ್ಲಿದ್ದ ಅರ್ಜಿಯನ್ನು ನಾನು ಹೊರಗೆ ತೆಗೆಯಲಿಲ್ಲ. ಸಾಗರದ ಕೆಲಸ ಮುಂದಿನ ತಿಂಗಳು ಬೇರೆ ಯಾರಿಗೋ ಆಯಿತು. ನನಗೆ ಬಂದ ಏಕೈಕ ಪ್ರಶಂಸೆ ಸಾಹುಕಾರರದ್ದು: "ನೀವು ಹೇಳಿದ್ದೇ ಚೆನ್ನಾಗಿತ್ತು ಮೇಷ್ಟ್ರೇ. ಬೇಗ ಮುಗೀತಿತ್ತು." ಮನೆಗೆ ಬಂದಾಗ ಸಾವಿತ್ರಿ ಅಕ್ಕಿ ಆರಿಸುತ್ತಿದ್ದಳು. ಎಲ್ಲ ಚೆನ್ನಾಗಿ ಆಯಿತು ಎಂದೆ. ಅವಳು ಮೊರದಿಂದ ತಲೆಯೆತ್ತದೆ, "ಪಾತ್ರೆ ಸೋರ್ತಿತ್ತಡ, ಹೌದಾ?" ಎಂದಳು. ಸುದ್ದಿ ನನಗಿಂತ ಮೊದಲೇ ಬಂದು ಕಾಫಿ ಕುಡಿದು ಹೋಗಿತ್ತು.

ವಿಷಯ ಇಲ್ಲಿಗೆ ಮುಗಿಯಬೇಕಿತ್ತು. ಲೋಕಪ್ಪ ಮುಗಿಯಲು ಬಿಡಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಜಗುಲಿಗೆ ಬಂದು ಕುಳಿತ. "ಸಾರ್, ಚಳೀಲಿ ಎಲ್ಲ ಕೋಲಾಟಕ್ಕೆ ನಿಲ್ತವೆ ಅಂದ್ರಲ್ಲ, ತಾಳ ಹಾಕೋರು ಯಾರು?" ಎಂದು ಕೇಳಿದ. ನನಗೆ ಹೇಗೆ ಗೊತ್ತಿರಬೇಕು? ಇದೆಲ್ಲ ನಿನಗ್ಯಾಕೆ, ಕಂಬ ಹತ್ತುವವನಿಗೆ ಎಂಬ ಮಾತು ಬಾಯಿಗೆ ಬಂತು. ಒಳಬಾಗಿಲಲ್ಲಿ ಸಾವಿತ್ರಿ ನಿಂತಿದ್ದಳು. "ಗೊತ್ತಿಲ್ಲ ಲೋಕಪ್ಪ. ಗೌಡರಿಗೇ ಬರೆದು ಕೇಳ್ತೀನಿ" ಎಂದೆ. ಏನೂ ಮುಳುಗಿಹೋಗಲಿಲ್ಲ. ಆದರೆ ಅದನ್ನು ಅವಳ ಎದುರಿಗೆ ಒಪ್ಪಿಕೊಳ್ಳುವ ಅಗತ್ಯವೂ ನನಗೆ ಕಾಣಲಿಲ್ಲ.

ಗೌಡರ ಉತ್ತರ ಮೂರು ವಾರಕ್ಕೆ ಬಂತು, ಎರಡು ಹಾಳೆ, ಪೂರ್ತಿ ಕನ್ನಡದಲ್ಲಿ. ಹೀಲಿಯಮ್ಮಿನ ಒಂದು ಪರಮಾಣುವಿಗೂ ಇನ್ನೊಂದಕ್ಕೂ ಗುರುತು ಹಚ್ಚುವಷ್ಟು ವ್ಯತ್ಯಾಸವೇ ಇಲ್ಲ. ಬಿಸಿ ಇರುವಾಗ ತಮ್ಮ ತಮ್ಮ ಗಲಾಟೆಯಲ್ಲಿರುತ್ತವೆ. ಗಲಾಟೆ ಅಡಗಿದ ಮೇಲೆ ತಾಳ ಹಾಕುವವರು ಬೇಕಿಲ್ಲ, ಒಂದೇ ಸ್ಥಿತಿಗೆ ತಾವೇ ಬಂದು ಸೇರುತ್ತವೆ. ತಂತಿಯ ಕಣಗಳಾದರೋ ಮೊದಲು ಜೋಡಿ ಕಟ್ಟಿಕೊಂಡು ಆಮೇಲೆ ಕುಣಿತಕ್ಕೆ ಇಳಿಯುತ್ತವೆ ಎಂದು ಬರೆದಿದ್ದರು. ಲೆಕ್ಕ ಸರಿಯಾಗಿ ಬರುತ್ತದೆ, ಆದರೆ ಏಕೆ ಹಾಗೆ ಎಂದು ಕೊನೆಯವರೆಗೂ ಕೇಳುತ್ತ ಹೋದರೆ ತಾವೂ ಒಂದು ಕಡೆ ಸುಮ್ಮನಾಗಬೇಕಾಗುತ್ತದೆ ಎಂದೂ ಇತ್ತು. ನಾನು ಅದನ್ನು ನಾಲ್ಕು ಸಲ ಓದಿ, ಟಿಪ್ಪಣಿ ಮಾಡಿಕೊಂಡು, ಭಾನುವಾರ ಲೋಕಪ್ಪನಿಗೆ ಅರ್ಧ ಗಂಟೆ ವಿವರಿಸಿದೆ. ಅವನು ಗಮನವಿಟ್ಟು ಕೇಳಿದ. ಕೇಳಿ, ಬಹಳ ಮರ್ಯಾದೆಯಿಂದ, "ಸಾರ್, ಇದು ನಿಮಗೆ ಅರ್ಥ ಆಗಿ ಹೇಳಿದ್ದಾ, ಅನುವಾದ ಮಾಡಿದ್ದಾ?" ಎಂದ.

ಕಾಗದವನ್ನು ಅವನ ಕೈಗೇ ಕೊಟ್ಟೆ. ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿದ. ಎರಡನೆಯ ಹಾಳೆಯ ನಡುವೆ ಎಲ್ಲೋ ಒಂದು ಕಡೆ ಜೋರಾಗಿ ನಕ್ಕ. ನಾಲ್ಕು ಸಲ ಓದಿದ್ದರೂ ಆ ಹಾಳೆಯಲ್ಲಿ ನಗುವಂಥದ್ದೇನೂ ನನಗೆ ಕಂಡಿರಲಿಲ್ಲ. "ತಗೊಂಡು ಹೋಗ್ತೀನಿ ಸಾರ್" ಎಂದು ಮಡಿಸಿ ಜೇಬಿಗಿಟ್ಟುಕೊಂಡು ಹೋದ, ಇನ್ನೂ ತಂದುಕೊಟ್ಟಿಲ್ಲ. ಅದರಲ್ಲಿ ನಗುವಂಥದ್ದೇನಿತ್ತೆಂದು ಕೇಳಲು ನಾನು ಅವನು ಹತ್ತಿದ ಕಂಬದ ಬುಡದವರೆಗೂ ಹೋಗಿದ್ದೇನೆ. ಮೇಲಿನಿಂದ ಅವನು "ಎಂತ ಸಾರ್?" ಎನ್ನುತ್ತಾನೆ. ನಾನು, ನಮ್ಮ ಮನೆಯ ಫ್ಯೂಸು ಹೋಗಿದೆ, ಬಿಡುವಾದಾಗ ಬಂದು ನೋಡು ಎಂದು ಹೇಳಿ ಬಂದುಬಿಡುತ್ತೇನೆ. ಅವನು ಬಂದು ನೋಡಿ, ಸರಿಯಾಗೇ ಇದೆಯಲ್ಲ ಎನ್ನುತ್ತಾನೆ. ಹೀಗೆ ಮೂರು ಸಲ ಆಯಿತು. ನಾಲ್ಕನೆಯ ಸಲ ಅವನು ಹಾಗೆನ್ನಲಿಲ್ಲ. ಚೆನ್ನಾಗಿದ್ದ ಫ್ಯೂಸಿನ ತಂತಿಯನ್ನು ಬಿಚ್ಚಿ, ಹೊಸದನ್ನು ಸುತ್ತಿ, ಕೈ ಒರೆಸಿಕೊಂಡು, ಒಳಗೆ ಸಾವಿತ್ರಿಗೂ ಕೇಳಿಸುವ ಹಾಗೆ, "ಹೌದು ಸಾರ್, ಹೋಗಿತ್ತು. ಈಗ ಸರಿ ಆಯ್ತು" ಎಂದ. ಆ ಅನುವಾದದಲ್ಲಿ ಮಾತ್ರ ನನಗೆ ಒಂದು ತಪ್ಪೂ ಕಾಣಲಿಲ್ಲ.